ಟ್ರಂಕಿನಲ್ಲಿಟ್ಟ ಕೋಕೋ ಪುಡಿ

ನನ್ನದು ಮೊದಲಿನಿಂದಲೂ ಅನುಮಾನದ ಸ್ವಭಾವ. ಅಂಗಡಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳಿನ ಮೇಲಿರುತ್ತಿರಲಿಲ್ಲ, ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದ್ದಾನೇನೋ ಎಂದು ಬಗ್ಗಿ ನೋಡುತ್ತಿದ್ದೆ. ಇಂಥವಳನ್ನು ಹೊನ್ನಾಳಿಯಿಂದ ಚನ್ನಗಿರಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿದ್ದ ಅತ್ತೆ ನನಗಿಂತ ಒಂದು ಕೈ ಮೇಲು. ಬೆಲ್ಲದ ಡಬ್ಬಿಯ ಮುಚ್ಚಳವನ್ನು ತಾವು ಯಾವ ಕಡೆಗೆ ತಿರುಗಿಸಿ ಮುಚ್ಚಿದ್ದರು ಎಂಬುದು ಅವರಿಗೆ ಮೂರನೆಯ ದಿನವೂ ನೆನಪಿರುತ್ತಿತ್ತು. ನಾವಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಬೆನ್ನು ತೋರಿಸದೆ ಓಡಾಡುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ನಮ್ಮ ಯಜಮಾನರು ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಲ್ಲೇ ಒಂದು ಕೋಣೆ ಹಿಡಿದು, ತಾವೇ ಅನ್ನ ಬೇಯಿಸಿಕೊಂಡು ಇರುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಚನ್ನಗಿರಿಗೆ ಬಂದರೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸ್ಸು. ನಡುವಿನ ದಿನಗಳಲ್ಲಿ ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ನನಗೆ ಜಗಳೂರಿಗೆ ಹೋಗಿ ಸಂಸಾರ ಹೂಡಬೇಕಿತ್ತು. ಅಷ್ಟೇ ನನ್ನ ಆಸೆ. ಅತ್ತೆಯನ್ನು ಕೇಳಿದರೆ ‘ಮಳೆಗಾಲ ಕಳೀಲಿ’ ಎನ್ನುತ್ತಿದ್ದರು. ಮಳೆಗಾಲ ಕಳೆದ ಮೇಲೆ ‘ಸುಗ್ಗಿ ಮುಗೀಲಿ’ ಎಂದರು. ಇವರನ್ನು ಕೇಳಿದರೆ ‘ಅಲ್ಲಿ ನೀರು ಉಪ್ಪು, ನಿನಗೆ ಹಿಡಿಸಲ್ಲ’ ಎನ್ನುತ್ತಿದ್ದರು. ಆ ನೀರನ್ನೇ ಕುಡಿದುಕೊಂಡು ಒಂದು ಊರಿಗೆ ಊರೇ ಬದುಕಿಲ್ಲವೇ? ಅತ್ತೆಗೆ ಮಗ ಕೈತಪ್ಪುವ ಭಯ ಇರಬಹುದು, ಅದು ಅರ್ಥವಾಗುತ್ತಿತ್ತು. ಇವರಿಗೆ ಏನು ಭಯ ಎಂಬುದು ಅರ್ಥವಾಗುತ್ತಿರಲಿಲ್ಲ. ಒಂದೊಂದು ಸಲ ಜಗಳೂರಿನಲ್ಲಿ ಏನಿದೆಯೋ, ಯಾರಿದ್ದಾರೋ ಎಂದು ಕೂಡ ಅನ್ನಿಸಿದ್ದುಂಟು.

ಕೇಳಿ ಆಗದ್ದನ್ನು ಬಾಯಿರುಚಿಯಿಂದ ಮಾಡಿಸೋಣ ಎಂದುಕೊಂಡೆ. ನನಗೆ ಗೊತ್ತಿದ್ದು, ಆ ಬೀದಿಯಲ್ಲಿ ಇನ್ಯಾರಿಗೂ ಗೊತ್ತಿಲ್ಲದ ವಿದ್ಯೆ ಒಂದೇ ಇತ್ತು. ಅದು ಗಟ್ಟಿ ಚಾಕೊಲೇಟ್ ಹಾಲು.

ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಆಸ್ಪತ್ರೆಯ ಲೇಡಿ ಡಾಕ್ಟರು ಬಾಡಿಗೆಗೆ ಇದ್ದರು. ಘಟ್ಟದ ಕೆಳಗಿನವರು, ಒಂಟಿ ಹೆಂಗಸು. ಚಳಿಗಾಲದ ಸಂಜೆ ಡ್ಯೂಟಿ ಮುಗಿಸಿ ಬಂದವರು ಸೀಮೆಎಣ್ಣೆ ಸ್ಟೌ ಮುಂದೆ ಮಣೆ ಹಾಕಿಕೊಂಡು ಕೂತು ಅದನ್ನು ಮಾಡುತ್ತಿದ್ದರು. ನಾನು ನೋಡುತ್ತ ಕೂರುತ್ತಿದ್ದೆ. ಅನುಮಾನದವಳಾದ್ದರಿಂದ ಪ್ರತಿಯೊಂದಕ್ಕೂ ಯಾಕೆ ಯಾಕೆ ಎಂದು ಕೇಳುತ್ತಿದ್ದೆ. ಅವರು ಬೇಸರವಿಲ್ಲದೆ ಹೇಳುತ್ತಿದ್ದರು.

ಕೋಕೋ ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಕೆಟ್ಟಿತು. ಪುಡಿ ತೇಲುತ್ತದೆ, ಗಂಟು ಕಟ್ಟುತ್ತದೆ. ಮೊದಲು ಪುಡಿಗೆ ಸಕ್ಕರೆ ಬೆರೆಸಿ, ಬಿಸಿನೀರು ಹನಿಸುತ್ತ ಚಟ್ನಿಯ ಹದಕ್ಕೆ ಕಲಸಬೇಕು. ಆಗ ಅದು ಮಿನುಗತೊಡಗುತ್ತದೆ. ಹಾಲು ಎಮ್ಮೆಯದೇ ಆಗಬೇಕು, ಸಣ್ಣ ಉರಿಯಲ್ಲಿ ಕಾದು ಒಂದಿಷ್ಟು ಇಂಗಿರಬೇಕು. ಕಲಸಿದ್ದನ್ನು ಹಾಲಿಗೆ ಬಿಟ್ಟು, ತಣ್ಣನೆ ಹಾಲಿನಲ್ಲಿ ಕದಡಿದ ಅಕ್ಕಿಹಿಟ್ಟನ್ನು ಸ್ವಲ್ಪವೇ ಸೇರಿಸಿ, ಚಿಟಿಕೆ ಉಪ್ಪು ಹಾಕಿ, ಅಂಬಲಿ ಕಾಸುವ ಹಾಗೆ ಕೈ ಬಿಡದೆ ತಿರುವಬೇಕು. ಡಾಕ್ಟರು ಹಾಕುತ್ತಿದ್ದದ್ದು ಕಾರ್ನ್‌ಫ್ಲೋರು. ಅದು ನಮಗೆಲ್ಲಿ ಸಿಗಬೇಕು, ಅಕ್ಕಿಹಿಟ್ಟು ನನ್ನ ತಿದ್ದುಪಡಿ. ಸೌಟಿನ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಹಾಗೆಯೇ ನಿಂತರೆ ಹದ ಬಂತು. ಹಸಿ ಪುಡಿಗೆ ಹುರಿದ ಹುಣಸೆಬೀಜದ ವಾಸನೆ. ಅದೇ ಹಾಲಿನಲ್ಲಿ ಬೆಂದು ಗಟ್ಟಿಯಾದ ಮೇಲೆ ಬರುವ ಪರಿಮಳ ಯಾವುದರ ಹಾಗೂ ಇಲ್ಲ. ಲೋಟಕ್ಕೆ ಬಗ್ಗಿಸಿದರೆ ಸುರಿಯುವುದಿಲ್ಲ, ನಿಧಾನಕ್ಕೆ ಜಾರುತ್ತದೆ.

ನಾನು ತವರಿಗೆ ಹೋದಾಗಲೆಲ್ಲ ಡಾಕ್ಟರು ಒಂದಿಷ್ಟು ಪುಡಿ ಕೊಟ್ಟು ಕಳಿಸುತ್ತಿದ್ದರು. ಅವರು ಕೊಟ್ಟಿದ್ದ ಡಬ್ಬಿ ತುಕ್ಕು ಹಿಡಿದ ಮೇಲೆ ಪುಡಿಯನ್ನು ಅಗಲ ಬಾಯಿಯ ಒಂದು ಹಳೇ ಟಾನಿಕ್ ಬಾಟಲಿಗೆ ತುಂಬಿದೆ. ಬಾಟಲಿಯನ್ನು ಅಡಿಗೆಮನೆಯಲ್ಲಿ ಇಡಲಿಲ್ಲ. ಇಟ್ಟರೆ ಅತ್ತೆ ಎದುರುಮನೆಯಾಕೆಗೆ ತೋರಿಸುತ್ತಾರೆ, ಆಕೆ ಒಂದು ಚಮಚ ಕೇಳುತ್ತಾಳೆ, ಅತ್ತೆ ಕೊಡುತ್ತಾರೆ ಎಂದು ನನ್ನ ಲೆಕ್ಕಾಚಾರ. ಆದ್ದರಿಂದ ನನ್ನ ಟ್ರಂಕಿನಲ್ಲಿ, ಸೀರೆಗಳ ಮಡಿಕೆಯೊಳಗೆ ಇಟ್ಟು ಬೀಗ ಹಾಕಿದೆ.

ಮೊದಲ ಸಲ ಮಾಡಿದ ದಿನ ಅತ್ತೆ ಪಾತ್ರೆಯೊಳಗೆ ಇಣುಕಿ ನೋಡಿದರು.

“ಇದ್ರಾಗೆ ಮೊಟ್ಟೆ ಹಾಕ್ತಾರಂತಲ್ಲ?”

“ಇಲ್ಲ ಅತ್ತೆ. ಒಂದು ಗಿಡದ ಬೀಜದ ಪುಡಿ ಇದು.”

“ಯಾವ ಗಿಡ? ನಮ್ಮ ಕಡೆ ಬೆಳೀತೈತೇನು?”

“ಘಟ್ಟದ ಕೆಳಗೆ ಬೆಳೀತಾರಂತೆ.”

“ನೀ ನೋಡೀಯ?”

“ಇಲ್ಲ.”

“ಮತ್ತೆ?”

ಅತ್ತೆ ಕುಡಿಯಲಿಲ್ಲ. ಮೊಸರು ಕಡೆಯುವ ಕಡಗೋಲನ್ನು ಅದಕ್ಕೆ ತಾಕಿಸಬಾರದು ಎಂದು ಹೇಳಿ, ಅದನ್ನು ತೆಗೆದುಕೊಂಡು ಹೋಗಿ ದೇವರ ಕೋಣೆಯ ಗೂಟಕ್ಕೆ ನೇತುಹಾಕಿದರು. ಇವರು ಮಾತ್ರ ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದರು. ಮುಂದಿನ ಶನಿವಾರ ಬ್ಯಾಗು ಕೆಳಗಿಟ್ಟವರೇ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನನ್ನ ವಿದ್ಯೆ ಹತ್ತಿತು ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ವಾರಪೂರ್ತಿ ಕುಡಿಯಬೇಕಾದರೆ ನನ್ನನ್ನು ಕರೆದುಕೊಂಡು ಹೋಗಬೇಕು ಎಂದು ಒಂದು ಸಲ ತಮಾಷೆಯಾಗಿ ಹೇಳಿಯೂ ಹೇಳಿದೆ. ‘ನೋಡೋಣ’ ಎಂದು ನಕ್ಕರು. ಅಲ್ಲಿಯವರೆಗೆ ಅವರ ಬಾಯಲ್ಲಿ ‘ನೋಡೋಣ’ ಕೂಡ ಬಂದಿರಲಿಲ್ಲ.

ಈ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದ್ದು ಎದುರುಮನೆಯಾಕೆ. ಅತ್ತೆಯ ವಯಸ್ಸಿನ ವಿಧವೆ, ನಮ್ಮ ಮನೆಯ ಕಟ್ಟೆಯೇ ಆಕೆಗೆ ಕಚೇರಿ. ನಾನು ಒಳಗೆ ಜೋಳ ಕೇರುತ್ತಿದ್ದಾಗ ಹೊರಗಿನ ಮಾತು ಕೇಳಿಸಿತು. ಕೇಳಿಸಲಿ ಎಂದೇ ಆಡಿದ್ದು ಎಂಬುದು ನನ್ನ ಗುಮಾನಿ.

“ಮೊದ್ಲು ಬಂದ ಕೂಡ್ಲೆ ನಿನ್ನ ಹತ್ರ ಕುಂತು ಮಾತಾಡ್ತಿದ್ದ. ಈಗ ಸೀದಾ ಒಲಿ ಮುಂದೆ ಹೋಗಿ ನಿಲ್ತಾನೆ. ಮೈ ಬ್ಯಾರೆ ಸೊರಗೈತೆ. ಆ ಪುಡಿ ಎಲ್ಲಿಟ್ಟಾಳೆ ನೋಡೀಯ?”

“ಟ್ರಂಕಿನಾಗೆ. ಬೀಗ ಹಾಕ್ತಾಳೆ.”

“ಕರ್ರಗೈತೆ, ಕಹಿ ಐತೆ, ತವರಿಂದ ಬಂದೈತೆ, ಸೀರೆ ಒಳಗೆ ಇಟ್ಟಾಳೆ. ಇನ್ನೇನು ಡಂಗುರ ಹೊಡೀಬೇಕಾ?”

ಆಕೆ ಮದ್ದು ಎಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಊಟದಲ್ಲಿ ಮದ್ದು ಹಾಕುತ್ತಾಳೆ, ಅದು ಹೊಟ್ಟೆಯಲ್ಲಿ ಕರಗದೆ ಅಂಟಿಕೊಂಡು ಕೂರುತ್ತದೆ, ಗಂಡ ಅವಳು ಹೇಳಿದಂತೆ ಕುಣಿಯುತ್ತ ದಿನದಿನಕ್ಕೆ ಸೊರಗುತ್ತಾನೆ ಎಂಬುದು ನಂಬಿಕೆ. ತೆಗೆಸದಿದ್ದರೆ ಪ್ರಾಣಕ್ಕೇ ಬರುತ್ತದಂತೆ. ಹಾಗೆ ಹೆಸರು ಹೊತ್ತ ಹೆಂಗಸರನ್ನು ತವರಿಗೆ ಕಳಿಸಿದ್ದನ್ನು ನಾನೇ ಕಂಡಿದ್ದೆ. ಅವರು ವಾಪಸ್ಸು ಬಂದದ್ದನ್ನು ಕಾಣಲಿಲ್ಲ. ಜಗಳೂರು ಹಾಳಾಗಲಿ, ಚನ್ನಗಿರಿಯೂ ಉಳಿಯುತ್ತದೋ ಇಲ್ಲವೋ ಎನ್ನಿಸಿತು.

ಇವರು ಸೊರಗಿದ್ದಂತೂ ನಿಜ. ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಅದರ ಕಾರಣ ನನಗೆ ಗೊತ್ತಿತ್ತು. ಅವರ ಬ್ಯಾಗಿನಲ್ಲಿ ಎಣ್ಣೆ ಹೀರಿದ ಪೇಪರುಗಳು ಸಿಗುತ್ತಿದ್ದವು. ಅರೆಬೆಂದ ಅನ್ನ ಬೇಸರವಾದಾಗಲೆಲ್ಲ ಬಸ್‌ಸ್ಟ್ಯಾಂಡಿನ ಮೆಣಸಿನಕಾಯಿ ಬೋಂಡಾ, ಮಂಡಕ್ಕಿ. ಹೇಳಿದರೆ ಅತ್ತೆ, “ಬೋಂಡ ಊರೋರೆಲ್ಲ ತಿಂತಾರೆ. ಊರಿಗೆಲ್ಲ ಹಿಂಗಾಗೈತೇನು?” ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಕಣ್ಣೂ ಅಷ್ಟೇನೂ ಬೆಳ್ಳಗಿರಲಿಲ್ಲ ಅನ್ನಿ.

ನ್ಯಾಮತಿಯಿಂದ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಹೆಂಗಸೊಬ್ಬಳಿದ್ದಳು. ಭಾನುವಾರ ಮೂವರೂ ಅಲ್ಲಿಗೆ ಹೋಗುವುದೆಂದು ಅತ್ತೆ ತೀರ್ಮಾನ ಮಾಡಿದರು. ಇವರು ನನ್ನ ಮುಂದೆ ನಕ್ಕುಬಿಟ್ಟರು. “ಅವ್ವನ ಸಮಾಧಾನಕ್ಕೆ ಹೋಗಿ ಬಂದ್ರಾಯ್ತು ಬಿಡು. ಸೈನ್ಸ್ ಮೇಷ್ಟ್ರು ನಾನು, ಇವನ್ನೆಲ್ಲ ನಂಬ್ತೀನೇನೇ?” ಎಂದರು. ಆ ನಗುವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆಯಲ್ಲಿ ನಾನು ಅನುಮಾನಿಸದೆ ಇದ್ದದ್ದು ಅದೊಂದನ್ನೇ.

ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರಬೇಕು ಎಂದು ಆ ಹೆಂಗಸು ಹೇಳಿ ಕಳಿಸಿದ್ದಳು. ಖಾಲಿ ಹೊಟ್ಟೆಯಲ್ಲಿ ಹೊನ್ನಾಳಿ ದಾಟಿ, ನ್ಯಾಮತಿಗೆ ಹೋಗಿ, ಅಲ್ಲಿಂದ ಬಿಸಿಲಲ್ಲಿ ನಡೆಯಬೇಕು. ಆಮೇಲೆ ಅವಳು ಕುಡಿಸುವ ಕಷಾಯ. ಹೊಟ್ಟೆನೋವಿನ ಮನುಷ್ಯ ದಾರಿಯಲ್ಲೇ ಬಿದ್ದರೆ? ಅತ್ತೆ ಪೂಜೆಗೆ ಕೂತಿದ್ದಾಗ ಗಟ್ಟಿಯಾಗಿ ಒಂದು ಲೋಟ ಕಾಸಿ ಕೊಟ್ಟೆ. ಬೇಗ ಅರಗಬಾರದು ಎಂದು ಅಕ್ಕಿಹಿಟ್ಟು ಒಂದು ಚಮಚ ಜಾಸ್ತಿಯೇ ಹಾಕಿದೆ. ಇವರು ಹಿತ್ತಲಲ್ಲಿ ನಿಂತು ಕುಡಿದು ಬಾಯಿ ಒರೆಸಿಕೊಂಡರು.

ಮದ್ದು ತೆಗೆಯುವವಳು ಗಟ್ಟಿಮುಟ್ಟಾದ ಹೆಂಗಸು, ಹಣೆ ತುಂಬ ವಿಭೂತಿ. ಮೊದಲು ಪರೀಕ್ಷೆ ಎಂದು ಯಾವುದೋ ಬಳ್ಳಿಯ ಸೊಪ್ಪನ್ನು ನೀರಲ್ಲಿ ಕಿವುಚಿ, ಆ ರಸವನ್ನು ಇವರ ಅಂಗೈಗೆ ಬಿಟ್ಟಳು. ಗಟ್ಟಿಯಾದರೆ ಮದ್ದು ಇದೆ ಎಂದು ಅರ್ಥ. ಸ್ವಲ್ಪ ಹೊತ್ತಿಗೆ ರಸ ಹೆಪ್ಪುಗಟ್ಟಿ ಮೊಸರಿನ ಹಾಗೆ ಕೂತಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ.

“ನನ್ನ ಕೈಗೂ ಒಂಚೂರು ಬಿಡ್ರಿ, ನೋಡಾಣ” ಎಂದೆ.

ಅವಳು ನನ್ನನ್ನೇ ದಿಟ್ಟಿಸಿ ನೋಡಿ, ನನ್ನ ಅಂಗೈಗೂ ಬಿಟ್ಟಳು. ಅದೂ ಹಾಗೆಯೇ ಗಟ್ಟಿಯಾಯಿತು.

“ಈಗೇನಂತೀರಿ?” ಎಂದೆ.

“ನಿನಗೂ ಯಾರೋ ಹಾಕ್ಯಾರವ್ವ” ಎಂದಳು. ಅತ್ತೆ ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಇವರ ಮುಖ ನೋಡಿದೆ. ವಿಜ್ಞಾನದ ಮೇಷ್ಟ್ರಲ್ಲವೇ, ಯಾರ ಕೈಗೆ ಬಿಟ್ಟರೂ ಆ ರಸ ಗಟ್ಟಿಯಾಗುತ್ತದೆ ಎಂದು ಒಂದು ಮಾತು ಹೇಳುತ್ತಾರೆ ಎಂದು ಕಾದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು.

ಆಮೇಲೆ ಅವಳು ಕಷಾಯ ಕುಡಿಸಿದಳು. ಬೇಲಿಯ ಪಕ್ಕ ಕೂರಿಸಿ ಬೆನ್ನು ತಟ್ಟಿದಳು. ಇವರು ಕಣ್ಣಲ್ಲಿ ನೀರು ಬರುವ ಹಾಗೆ ವಾಂತಿ ಮಾಡಿಕೊಂಡರು. ಬಂದದ್ದು ಕಪ್ಪಗೆ, ಒಡೆದು ಗಂಟುಗಂಟಾಗಿತ್ತು. ಅವಳು ಒಂದು ಕಡ್ಡಿಯಿಂದ ಗಂಟನ್ನು ಎತ್ತಿ ಹಿಡಿದಳು.

“ನೋಡ್ರಿ ಅಮ್ಮಾರೆ. ಎಷ್ಟು ದಿನದ್ದೋ ಏನೋ. ಕರುಳಿಗೆ ಕಚ್ಚಿಕೊಂಡಿತ್ತು.”

“ಎಷ್ಟು ದಿನದ್ದೂ ಅಲ್ಲ!” ಎಂದು ನಾನು ಕೂಗಿದೆ. “ಇವತ್ತು ಬೆಳಿಗ್ಗೆ ನಾನೇ ಕುಡಿಸಿದ್ದು ಅದು! ಚಾಕೊಲೇಟ್ ಹಾಲು, ಅಕ್ಕಿಹಿಟ್ಟು ಹಾಕಿದ್ದೆ, ಒಡೆದೈತೆ!”

ನನ್ನ ಮಾತು ನನ್ನ ಕಿವಿಗೇ ಹೇಗೆ ಕೇಳಿಸಿತೆಂದು ಏನು ಹೇಳಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು. ಏನೂ ಕೊಡಬಾರದು ಎಂದಿದ್ದ ದಿನ, ಅತ್ತೆಯ ಕಣ್ಣು ತಪ್ಪಿಸಿ, ಆ ಕಪ್ಪು ಪುಡಿಯನ್ನೇ ಕುಡಿಸಿದ್ದೇನೆ ಎಂದು ನನ್ನ ಬಾಯಿಂದಲೇ ಹೇಳಿದ್ದೆ. ಮದ್ದು ತೆಗೆಯುವವಳು ಕಡ್ಡಿಯನ್ನು ಬೇಲಿಯ ಆಚೆ ಎಸೆದು ಕೈ ತೊಳೆದುಕೊಂಡಳು.

ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಹೊನ್ನಾಳಿ ಬಂದಾಗ ಇಲ್ಲೇ ಇಳಿ, ನಿಮ್ಮಪ್ಪನ ಮನೆಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಕಂಡಕ್ಟರು ಸೀಟಿ ಊದುವವರೆಗೂ ಅತ್ತೆಯ ಬೆನ್ನನ್ನೇ ನೋಡುತ್ತ ಕೂತಿದ್ದೆ. ಬಸ್ಸು ಹೊರಟಿತು. “ರೀ, ನನ್ನ ಕೈಯಾಗೂ ಗಟ್ಟಿಯಾಯ್ತಲ್ಲ?” ಎಂದು ಇವರನ್ನು ಕೇಳಿದೆ. “ಹ್ಞೂಂ” ಎಂದರು. ಸುಸ್ತಾಗಿದ್ದರು. ಅವರು ನನ್ನ ಕಡೆಗಿದ್ದಾರೆ ಎಂಬುದಕ್ಕೆ ನನಗೆ ಆ ‘ಹ್ಞೂಂ’ ಸಾಕಾಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ಟ್ರಂಕು ತೆಗೆದು ಬಾಟಲಿ ತಂದು ನಡುಮನೆಯಲ್ಲಿಟ್ಟೆ. ಸ್ಟೌವನ್ನೂ ಅಲ್ಲಿಗೇ ತಂದೆ. ಎದುರುಮನೆಯಾಕೆ ಸುದ್ದಿ ಕೇಳಲು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ನಿಲ್ಲಲಿ ಎಂದುಕೊಂಡೆ. ಎಲ್ಲರ ಮುಂದೆ ಪುಡಿ ಸುರಿದೆ, ಸಕ್ಕರೆ ಹಾಕಿದೆ, ನೀರು ಹನಿಸಿ ಕಲಸಿದೆ. ಹಾಕುವ ಮುಂಚೆ ಒಂದೊಂದನ್ನೂ ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡು ತೋರಿಸಿದೆ.

“ಹಾಕಿದೋರಿಗೆ ಅದು ಹತ್ತಂಗಿಲ್ಲ ಬಿಡು” ಎಂದಳು ಹೊಸ್ತಿಲಲ್ಲಿದ್ದವಳು.

ಇಂಥ ನ್ಯಾಯಕ್ಕೆ ಯಾವ ಕೋರ್ಟಿನಲ್ಲಿ ಉತ್ತರವಿದೆ? ನಾನು ತಿರುವುತ್ತಲೇ ಇದ್ದೆ. ಸಿಟ್ಟಿನಲ್ಲಿ ತಿರುವಿದ್ದಕ್ಕೋ ಏನೋ ಅವತ್ತಿನಷ್ಟು ನುಣುಪಾಗಿ ಅದು ಯಾವತ್ತೂ ಬಂದಿರಲಿಲ್ಲ. ಎರಡು ಲೋಟಕ್ಕೆ ಬಗ್ಗಿಸಿದೆ. ಒಂದನ್ನು ಇವರಿಗೆ ಚಾಚಿದೆ.

ನಡುವೆ ಅತ್ತೆ ಕೈ ಹಾಕಿ ಲೋಟ ಕಿತ್ತುಕೊಂಡರು. “ಏನಾದ್ರೂ ಆಗಾದಾದ್ರೆ ನನಗಾಗ್ಲಿ” ಎಂದವರೇ ಬಾಯಿಗಿಟ್ಟರು. ಬಿಸಿ ಇತ್ತು, ಮುಖ ಕಿವುಚಿದರು. ಕಣ್ಣು ಮುಚ್ಚಿಕೊಂಡು ವಿಷ ಕುಡಿಯುವವರ ಹಾಗೆಯೇ ಒಂದು ಗುಟುಕು, ಇನ್ನೊಂದು ಗುಟುಕು. ಮೂರನೆಯದಕ್ಕೆ ಕಣ್ಣು ತೆರೆದರು. ಆಮೇಲೆ ನಿಧಾನ ಮಾಡಿದರು. ಕೊನೆಗೆ ಲೋಟದ ಅಂಚನ್ನು ಒಮ್ಮೆ ನೋಡಿ ನಾಲಿಗೆ ತಾಕಿಸಿದರು. ಎದುರುಮನೆಯಾಕೆಗೆ ಅಲ್ಲಿ ನಿಲ್ಲಲು ಇನ್ನೇನೂ ಉಳಿದಿರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು ಎಂದು ಹೋದಳು.

ನನಗೆ ನಗುವೂ ಬಂತು, ಅಳುವೂ ಬಂತು. ಗೆದ್ದೆ ಎಂದುಕೊಂಡು ಎರಡನೆಯ ಲೋಟವನ್ನು ಇವರ ಕೈಗೆ ಕೊಟ್ಟೆ.

“ಆರಲಿ” ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಹೊಟ್ಟೆ ಕೆಟ್ಟಿದೆ, ಸರಿ ಎಂದುಕೊಂಡೆ. ಅವರು ಪೇಪರು ಓದಿದರು. ಹೊರಗೆ ಹೋಗಿ ಕೈಕಾಲು ತೊಳೆದು ಬಂದರು. ಕಿಟಕಿಯ ಪಕ್ಕದಲ್ಲೇ ಕೂತು, ಒಳಗೆ ಇದ್ದ ಬಾಳೆಹಣ್ಣು ತಂದುಕೊಂಡು ಸುಲಿದು ತಿಂದರು. ಲೋಟದ ಮೇಲೆ ಕೆನೆ ಕಟ್ಟಿತು. ನಾನು ನೋಡುತ್ತಿದ್ದೆ. ಅತ್ತೆಯೂ ನೋಡುತ್ತಿದ್ದರು.

“ಕುಡಿಯೋ. ನಾನು ಕುಡ್ದೀನಲ್ಲ” ಎಂದರು ಅತ್ತೆ.

“ಆಮೇಲೆ ಕುಡಿತೀನಿ ಬಿಡವ್ವ” ಎಂದು ಇವರು ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆಗೆ ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಎದುರುಮನೆಯಾಕೆ ಕಟ್ಟೆಯ ಮೇಲೆ ಕೂತು ಆಡಿದ ಮಾತು, ಬೇಲಿಯ ಹತ್ತಿರ ಎತ್ತಿ ಹಿಡಿದ ಕಡ್ಡಿ, ಯಾವುದೂ ನನಗೆ ಹಾಗೆ ಚುಚ್ಚಿರಲಿಲ್ಲ. ಸ್ಟೌ ಮುಂದೆ ಹಾಗೇ ಕುಸಿದು ಕೂತು ಅತ್ತೆಯ ಎದುರಿಗೇ ಅತ್ತುಬಿಟ್ಟೆ. ಮದುವೆಯಾದಾಗಿನಿಂದ ಅವರ ಮುಂದೆ ಒಂದು ಹನಿ ಕಣ್ಣೀರು ಹಾಕಬಾರದು ಎಂದು ಹಟ ಹಿಡಿದವಳು ನಾನು.

ಅತ್ತೆ ಎದ್ದು ಹೋಗಿ ಕಿಟಕಿಯ ಮೇಲಿದ್ದ ಲೋಟ ತಂದರು. ಚೆಲ್ಲುತ್ತಾರೆ ಎಂದುಕೊಂಡೆ. ನನ್ನ ಪಕ್ಕದಲ್ಲಿ ಕೂತು, ಕೆನೆ ಕಟ್ಟಿ ತಣ್ಣಗಾಗಿದ್ದ ಅದನ್ನೂ ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡರು.

“ಅವನಪ್ಪನೂ ಹಿಂಗೇ. ಬಾಯಿ ಬಿಟ್ಟು ಒಂದು ಮಾತು ಅಂತಿರಲಿಲ್ಲ” ಎಂದರು. ಆಮೇಲೆ, “ನಿನ್ನ ಬಟ್ಟೆಬರೆ ಕಟ್ಟಿಕೋ. ನಾಳೆ ಅವನ ಜೊತೀಗೆ ಜಗಳೂರಿಗೆ ಹೋಗು. ನಾನು ಹೇಳ್ತೀನಿ ಅವನಿಗೆ. ದೂರ ಇದ್ರೆ ಈ ಅನುಮಾನ ಬೆಳೀತೈತೆ” ಎಂದರು. ಲೋಟ ತೊಳೆಯಲು ಎದ್ದವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. “ಈ ಪುಡಿ ಇಲ್ಲೇ ಇರ್ಲಿ. ಬರೀ ಹಾಲು ಕಾಸಿಕೊಡು. ಅವನ ಎದುರಿಗೇ ಕಾಸು.”

ಜಗಳೂರಿನ ಕೋಣೆಯಲ್ಲಿ ಎದುರಿಗೆ ಅಲ್ಲದೆ ಬೇರೆ ಎಲ್ಲಿಯೂ ಕಾಸಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಸ್ಟೌ, ಇನ್ನೊಂದು ಮೂಲೆಯಲ್ಲಿ ಅವರ ಕುರ್ಚಿ. ನೀರು ಹೇಳುವಷ್ಟೇನೂ ಉಪ್ಪಿರಲಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಸಂಜೆ ಶಾಲೆಯಿಂದ ಬಂದು ಮರುದಿನದ ಪಾಠಕ್ಕೆಂದು ಪುಸ್ತಕ ತೆರೆದು ಕೂರುತ್ತಿದ್ದರು. ನಾನು ಹಾಲಿಗಿಡುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡೇ ಇರುತ್ತಿದ್ದರು, ಒಮ್ಮೆಯೂ ನನ್ನ ಕೈಯ ಕಡೆ ನೋಡಿದ್ದನ್ನು ನಾನು ಹಿಡಿಯಲಾಗಲಿಲ್ಲ. ಆದರೆ ಹಾಲು ಉಕ್ಕಿ, ಇಳಿಸಿ, ಲೋಟಕ್ಕೆ ಬಗ್ಗಿಸುವ ತನಕ ಆ ಪುಸ್ತಕದ ಹಾಳೆ ಒಂದೂ ತಿರುಗುತ್ತಿರಲಿಲ್ಲ.